ವೈಂಡಿಂಗ್ ಅಕ್ಕ ಮತ್ತು ಮುಂದಿನ ಕೋಣೆ

ಸುಟ್ಟ ಮೋಟಾರು ಹೊತ್ತು ತಂದವರೆಲ್ಲ ಅವಳನ್ನು ವೈಂಡಿಂಗ್ ಅಕ್ಕ ಅಂತಲೇ ಕರೆಯುತ್ತಿದ್ದರು. ಹದಿನೇಳು ವರ್ಷದಿಂದ ಫ್ಯಾನು, ಮಿಕ್ಸಿ, ನೀರಿನ ಪಂಪು ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿಕೊಟ್ಟು ಮನೆ ತೂಗಿಸಿದವಳು. ಮೂಸಿ ನೋಡಿದರೆ ಸಾಕು, ಯಾವ ಸುರುಳಿ ಸುಟ್ಟಿದೆ ಅಂತ ಹೇಳುವಳು. ಆದರೆ ಅವಳು ಕೂತು ದುಡಿಯುವ ಜಾಗ ಹಿತ್ತಲ ತಗಡಿನ ಚಪ್ಪರ. ಕೈಯಲ್ಲಿ ಕೂದಲೆಳೆಯಂಥ ತಂತಿ, ಸುತ್ತ ಮಬ್ಬು ಬೆಳಕು, ಮೇಲೆ ನಲವತ್ತು ದಾಟಿದ ಕಣ್ಣು. ಮನೆಯ ಮುಂದಿನ ಕೋಣೆಗೆ ಬೀದಿ ಕಡೆ ದೊಡ್ಡ ಕಿಟಕಿಯಿತ್ತು. ಅದನ್ನು ಕೊಡಿ ಅಂತ ಆರು ವರ್ಷದಿಂದ ಮಾವನನ್ನು ಕೇಳುತ್ತಲೇ ಇದ್ದಳು. ಮಾವ "ನೋಡೋಣ" ಅನ್ನುತ್ತಿದ್ದರು. ಆ ಮನೆಯಲ್ಲಿ ನೋಡೋಣ ಅಂದರೆ ಇಲ್ಲ ಅಂತ ಅರ್ಥ.

ಮೈದುನನ ಹೆಂಡತಿ ಬಂದು ಎರಡೇ ವರ್ಷ. ಇಂಜಿನಿಯರುಗಳಿಗೆ ಕಟ್ಟಡದ ನಕ್ಷೆ ಮಾಡಿಕೊಡುವ ಕೆಲಸ ಅವಳದು. ದೊಡ್ಡ ಕಂಪ್ಯೂಟರಿಗೆ ಜಾಗ ಬೇಕು ಮಾವ ಅಂತ ಒಂದು ಸಲ ಕೇಳಿದಳು, ಒಂದೇ ಸಲ. ಮಾವ ತಾವೇ ಹೋಗಿ ಮುಂದಿನ ಕೋಣೆಯ ಹಳೇ ಕಪಾಟನ್ನು ಹೊರಗೆ ಎಳೆದುಹಾಕಿದರು. ಆವತ್ತು ಅಕ್ಕನಿಗೆ ಹೊಟ್ಟೆಯೊಳಗೆ ಹಸಿಮೆಣಸಿನಕಾಯಿ ಅರೆದ ಹಾಗಾಯಿತು.

ಓರಗಿತ್ತಿ ಕಂಪ್ಯೂಟರನ್ನು ಸಿದ್ಧವಾಗಿ ತರಲಿಲ್ಲ. ಬಿಡಿಭಾಗ ತಂದು, ಕೋಣೆಯ ನೆಲದ ಮೇಲೆ ಹರಡಿಕೊಂಡು, ತಾನೇ ಜೋಡಿಸಲು ಕೂತಳು. ಅಕ್ಕ ಖಾಲಿ ಬಕೆಟ್ಟು ಹಿಡಿದು ಆ ಬಾಗಿಲ ಮುಂದೆ ನಾಲ್ಕು ಸಲ ಹಾದುಹೋದಳು.

"ಅಕ್ಕಾ, ಬಿಸಿಯಾಗೋ ಚಿಪ್ ಮೇಲೆ ಕೂರೋ ಈ ಕೂಲರ್ ತಳಕ್ಕೆ ತೆಳ್ಳಗೆ ಪ್ಲಾಸ್ಟಿಕ್ ಅಂಟಿದೆ. ಕೀಳ್ಬೇಕಾ?"

ಈ ಪ್ಲಾಸ್ಟಿಕ್ಕಿಗೆ ಒಂದು ಹಿಂದಿನ ಕತೆಯಿತ್ತು. ಆ ಮನೆಯಲ್ಲಿ ಹೊಸ ವಸ್ತುವಿನ ಪ್ಲಾಸ್ಟಿಕ್ ಯಾರೂ ಕೀಳುವ ಹಾಗಿಲ್ಲ. ಅತ್ತೆಯ ಕಾನೂನು. ಟೀವಿ ರಿಮೋಟು, ಗೋಡೆ ಗಡಿಯಾರ, ಕುರ್ಚಿಯ ಬೆನ್ನು ಎಲ್ಲವೂ ಪೊರೆ ಬಿಡದ ಹಾವಿನ ಹಾಗಿದ್ದವು. ಓರಗಿತ್ತಿ ಬಂದ ಹೊಸತರಲ್ಲಿ ಫ್ರಿಜ್ಜಿನ ಬಾಗಿಲ ಪ್ಲಾಸ್ಟಿಕ್ಕನ್ನು ಸರ್ರನೆ ಎಳೆದಿದ್ದಳು. ಆಗ ನಾಲ್ಕು ಜನರೆದುರು ಅವಳನ್ನು ಹಂಗಿಸಿದ್ದು ಅತ್ತೆಯಲ್ಲ, ಅಕ್ಕ.

ಈಗಲೂ ಅಕ್ಕ ತಿರುಗಿ ನೋಡಲಿಲ್ಲ. "ಮರ್ತೋಯ್ತಾ? ಈ ಮನೇಲಿ ಪ್ಲಾಸ್ಟಿಕ್ ಕೀಳಲ್ಲ. ಇರ್ಲಿ ಬಿಡು."

ಹದಿನೇಳು ವರ್ಷ ಯಂತ್ರ ಬಿಚ್ಚಿದವಳ ಮಾತು. ಓರಗಿತ್ತಿ ನಕ್ಕು, ತಲೆಯಾಡಿಸಿ, ಹಾಗೇ ಕೂರಿಸಿ ಸ್ಕ್ರೂ ಬಿಗಿದಳು.

ಮೊದಲ ಸಲ ಗುಂಡಿ ಒತ್ತಿದಾಗ ಫ್ಯಾನುಗಳು ತಿರುಗಿದವು, ಪರದೆ ಮಾತ್ರ ಕಪ್ಪಗೇ ಇತ್ತು. "ಹೋಗ್ಲಿ ಬಿಡೇ, ಗಾಳಿಯಾದ್ರೂ ಬರ್ತದಲ್ಲ" ಅಂದರು ಅತ್ತೆ. ಅಕ್ಕನಿಗೆ ಹೊಟ್ಟೆ ತಣ್ಣಗಾಯಿತು. ಆದರೆ ಓರಗಿತ್ತಿ ಜೊತೆಗೆ ಬಂದಿದ್ದ ಪುಸ್ತಕ ತಿರುವಿ, ಮೆಮೊರಿ ಪಟ್ಟಿಯನ್ನು ಹೊರತೆಗೆದು, ಎರಡೂ ತುದಿ ಟಕ್ ಅನ್ನುವವರೆಗೆ ಒತ್ತಿ ಕೂರಿಸಿದಳು. ಪರದೆ ಬೆಳಗಿತು. "ಕೈ ಅಂದ್ರೆ ಇದು" ಅಂದರು ಮಾವ. ಅಕ್ಕನ ಕೈಯಲ್ಲಿ ಎಷ್ಟು ಸಾವಿರ ಮೋಟಾರು ಎದ್ದು ತಿರುಗಿದ್ದವೋ, ಒಂದಕ್ಕಾದರೂ ಮಾವ ಆ ಮಾತು ಆಡಿರಲಿಲ್ಲ. ಅಕ್ಕ ಹಿತ್ತಲಿಗೆ ಹೋಗಿ, ಏನೂ ತಪ್ಪು ಮಾಡದ ಒಂದು ಪಂಪಿನ ಮುಚ್ಚಳಕ್ಕೆ ಸುತ್ತಿಗೆಯಿಂದ ಎರಡು ಬಾರಿಸಿದಳು.

ಮಾರನೆಯ ದಿನದಿಂದ ಕಂಪ್ಯೂಟರಿಗೆ ದೆವ್ವ ಮೆಟ್ಟಿತು. ಹತ್ತು ನಿಮಿಷ ಕುದುರೆ, ಆಮೇಲೆ ಕುಂಟುಕತ್ತೆ. ಮೌಸ್ ಎಳೆದರೆ ಬಾಣ ನಿಂತು ನಿಂತು ಜಿಗಿಯುತ್ತಿತ್ತು. ಗೆರೆ ಎಳೆದು ಎಷ್ಟೋ ಹೊತ್ತಿಗೆ ಪರದೆಯ ಮೇಲೆ ಗೆರೆ ಮೂಡುತ್ತಿತ್ತು. ಕೊನೆಗೆ ತಾನೇ ಆರಿಹೋಗುತ್ತಿತ್ತು. ಅರ್ಧ ಗಂಟೆ ಬಿಡದೆ ಮತ್ತೆ ಶುರುವಾಗುತ್ತಿರಲಿಲ್ಲ. ಓರಗಿತ್ತಿ ಸಾಫ್ಟ್‌ವೇರೆಲ್ಲ ಅಳಿಸಿ ಮತ್ತೆ ಹಾಕಿದಳು. ಕೇಬಲ್ ಬದಲಿಸಿದಳು, ಪ್ಲಗ್ಗನ್ನು ಬೇರೆ ಗೋಡೆಗೆ ಚುಚ್ಚಿದಳು. ಯಾವುದೂ ಫಲ ಕೊಡಲಿಲ್ಲ.

"ಶನಿವಾರದೊಳಗೆ ನೆಟ್ಟಗಾಗದಿದ್ರೆ ಅಂಗಡಿಗೇ ಹೊರಿಸಿ ಕಳಿಸು. ಕೋಣೆ ದೊಡ್ಡವಳು ಇಟ್ಕೊಳ್ಳಲಿ" ಅಂದರು ಮಾವ.

ಅಕ್ಕ ಕಣ್ಣಲ್ಲೇ ಕೋಣೆ ಅಳೆದಳು. ಕಿಟಕಿ ಕೆಳಗೆ ಬೆಂಚು, ಪಕ್ಕಕ್ಕೆ ಸುರುಳಿ ಸುತ್ತುವ ಯಂತ್ರ.

ಶುಕ್ರವಾರ ಮಧ್ಯಾಹ್ನ ಓರಗಿತ್ತಿ ಸ್ನಾನಕ್ಕೆ ಹೋಗಿದ್ದಾಗ ಅಕ್ಕ ಕೋಣೆಗೆ ನುಗ್ಗಿದಳು. ಕಂಪ್ಯೂಟರ್ ಡಬ್ಬಿಯ ಪಕ್ಕದ ಬಾಗಿಲು ತೆಗೆದೇ ಇತ್ತು. ಪರದೆಯ ಮೂಲೆಯಲ್ಲಿ ಒಳಗಿನ ಶಾಖ ತೊಂಬತ್ತೆಂಟು ಡಿಗ್ರಿ ಅಂತ ಕೆಂಪಗೆ ತೋರಿಸುತ್ತಿತ್ತು. ಕೈ ತೂರಿಸಿ ಕೂಲರಿನ ಲೋಹದ ರೆಕ್ಕೆ ಮುಟ್ಟಿದಳು. ತಣ್ಣಗಿತ್ತು. ಒಲೆ ಧಗಧಗ ಉರಿಯುತ್ತಾ ಮೇಲಿನ ಪಾತ್ರೆ ತಣ್ಣಗಿದ್ದರೆ ನಡುವೆ ಏನೋ ಅಡ್ಡ ಕೂತಿದೆ ಅಂತಲೇ ಲೆಕ್ಕ. ಏನು ಕೂತಿದೆ ಅಂತ ಹೊಳೆದದ್ದೇ ಅವಳ ಕೈ ಹಿಂದಕ್ಕೆ ಬಂತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಸೆರಗಲ್ಲಿ ಬೆರಳು ಒರೆಸಿಕೊಂಡು ಹಿತ್ತಲಿಗೆ ನಡೆದಳು.

ಯಾರಿಗೂ ಹೇಳಲಿಲ್ಲ. ಒಂದು ದಿನ ಬಾಯಿ ಮುಚ್ಚಿಕೊಂಡರೆ ಆರು ವರ್ಷದ ಕಿಟಕಿ ತನ್ನದು. ಆದರೆ ಆವತ್ತು ಫ್ಯಾನಿಗೆ ತಂತಿ ಸುತ್ತುವಾಗ ಸುತ್ತಿನ ಎಣಿಕೆ ಮೂರು ಸಲ ತಪ್ಪಿತು. ಹಾಗೆ ಹಿಂದೆಂದೂ ಆಗಿರಲಿಲ್ಲ.

ಶನಿವಾರ ಬೆಳಿಗ್ಗೆ ಅಂಗಡಿಯ ಮೆಕ್ಯಾನಿಕ್ ಬಂದ. ಬಗ್ಗಲಿಲ್ಲ, ಮುಟ್ಟಲಿಲ್ಲ. ಬಾಗಿಲಲ್ಲಿ ನಿಂತೇ ತೀರ್ಪು ಕೊಟ್ಟ. "ಹೆಂಗಸ್ರು ವಿಡಿಯೊ ನೋಡ್ಕೊಂಡು ಜೋಡಿಸಿದ್ರೆ ಹಿಂಗೇ ಆಗೋದು ಸಾರ್. ಬೋರ್ಡೇ ಹೋಗಿದೆ. ತಗೊಂಡ್ಹೋಗ್ತೀನಿ."

ಮಾವ ಅಕ್ಕನ ಕಡೆ ನೋಡಿ, "ನಿನ್ನ ಸಾಮಾನು ತಂದಿಟ್ಕೋ" ಅಂದರು. ಓರಗಿತ್ತಿ ತುಟಿ ಕಚ್ಚಿಕೊಂಡು ವೈರು ಬಿಡಿಸತೊಡಗಿದಳು.

ಅಕ್ಕನಿಗೆ ಓರಗಿತ್ತಿಯ ಮೇಲೆ ಕನಿಕರವೇನೂ ಬರಲಿಲ್ಲ. ಅವಳಿಗೆ ಉರಿದದ್ದು ಬೇರೆ. ತನ್ನ ಮೂಗಿನ ಕೆಳಗೆ ಇನ್ಯಾವನೋ ರಿಪೇರಿಯವನು ಯಂತ್ರ ಹೊತ್ತೊಯ್ದು, ಒಂದು ಪ್ಲಾಸ್ಟಿಕ್ ಕಿತ್ತು, ಭಲೇ ಅನ್ನಿಸಿಕೊಳ್ಳುವುದೇ? ಅದೂ ಮುಟ್ಟಿ ನೋಡದವನು?

"ಆ ರೆಕ್ಕೆ ಮುಟ್ಟಿ ನೋಡಿದ್ಯೇನಪ್ಪಾ?"

"ಯಾವ ರೆಕ್ಕೆ ಮೇಡಂ?"

"ಸರಿ, ಆ ಕಡೆ ನಿಂತ್ಕೋ."

ನಾಲ್ಕು ಸ್ಕ್ರೂ ಬಿಚ್ಚಿದಳು. ಕೂಲರನ್ನು ತುಸು ತಿರುಚಿ ಎತ್ತಿ, ತಳ ಮೇಲೆ ಮಾಡಿ ಬೆಳಕಿಗೆ ಹಿಡಿದಳು. ಶಾಖ ದಾಟಿಸುವ ಬೂದು ಪೇಸ್ಟು ಮೆತ್ತಿಕೊಂಡು ಪ್ಲಾಸ್ಟಿಕ್ ಅಲ್ಲೇ ಅಂಟಿಕೊಂಡಿತ್ತು. ಉಗುರಿನಿಂದ ಎಬ್ಬಿಸಿ ಸರ್ರನೆ ಎಳೆದಳು. ಅತ್ತೆ ಅಯ್ಯೋ ಅಂದರು, ಅಭ್ಯಾಸ.

"ಇದನ್ನ ಯಾರ್ರೀ ಬಿಟ್ಟಿದ್ದು?" ಮೆಕ್ಯಾನಿಕ್ ಹಲ್ಲು ಕಿರಿದ.

"ನಾನೇ. ನನ್ನದೇ ತಪ್ಪು" ಅಂದಳು ಓರಗಿತ್ತಿ, ತಟ್ಟನೆ.

ಅಕ್ಕನ ಮೈಗೆ ಬೆಂಕಿ ಬಿದ್ದ ಹಾಗಾಯಿತು. ಕೋಣೆ ಅವಳಿಗೆ, ಹೊಗಳಿಕೆ ಅವಳಿಗೆ, ಈಗ ತಪ್ಪು ಒಪ್ಪಿಕೊಳ್ಳುವುದರಲ್ಲೂ ಇವಳೇ ಮುಂದೆ.

"ಸುಳ್ಳು. ಅವಳು ಕೇಳಿದ್ಲು, ಕೀಳಬೇಡ ಅಂದೋಳು ನಾನು. ನಿನ್ನೆಯಿಂದ ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ. ಆ ಪೇಸ್ಟ್ ಟ್ಯೂಬು ಕೊಡು ಇಲ್ಲಿ."

ಅಕ್ಕ ಹಳೇ ಪೇಸ್ಟು ಒರೆಸಿ, ಹೊಸದನ್ನು ಕಡಲೆ ಗಾತ್ರ ಇಟ್ಟು, ಕೂಲರ್ ಕೂರಿಸಿ ಬಿಗಿದಳು. ಕಂಪ್ಯೂಟರ್ ಎದ್ದಿತು. ಹತ್ತು ನಿಮಿಷವಾಯಿತು, ಒಂದು ಗಂಟೆಯಾಯಿತು. ಬಾಣ ನೀರಿನಲ್ಲಿ ಮೀನು ಹೋದ ಹಾಗೆ ಹೋಯಿತು. ಮೆಕ್ಯಾನಿಕ್ ಯಾವಾಗಲೋ ಜಾಗ ಖಾಲಿ ಮಾಡಿದ್ದ.

"ಹಂಗಾದ್ರೆ ಕೋಣೆ..." ಅಂತ ಅಕ್ಕ ಮಾವನ ಮುಖ ನೋಡಿದಳು.

"ನೋಡೋಣ" ಅಂದರು ಮಾವ.

"ನೋಡ್ತಾ ಇರಿ" ಅಂದವಳೇ ಹಿತ್ತಲಿಗೆ ಹೋಗಿ ಬೆಂಚನ್ನು ಕರಕರ ನೆಲಕ್ಕೆ ಉಜ್ಜುತ್ತಾ ಎಳೆದು ತಂದಳು. ಹೊಸ್ತಿಲಲ್ಲಿ ಅದು ಸಿಕ್ಕಿಕೊಂಡಾಗ ಇನ್ನೊಂದು ತುದಿ ಎತ್ತಿದ್ದು ಓರಗಿತ್ತಿ.

"ನಿನ್ನ ಮೇಜು ಆ ಗೋಡೆಗೆ ಹಾಕ್ಕೋ. ನಿನ್ನ ಪರದೆಗೆ ಬೆಳಕು ಅದರೊಳಗೇ ಇದೆ. ನನ್ನ ತಂತಿಗಿಲ್ಲ."

"ನನಗೂ ಅದೇ ಒಳ್ಳೇದು ಅಕ್ಕಾ, ಕಿಟಕಿ ಬೆಳಕು ಪರದೆಗೆ ಹೊಡೀತಿತ್ತು."

ಅದಕ್ಕೂ ಹೂಂ ಅಂದಳಲ್ಲ ಅಂತ ಅಕ್ಕನಿಗೆ ಇನ್ನಷ್ಟು ರೇಗಿತು. ಕಿಟಕಿ ಕೆಳಗೆ ಕೂತು ತಂತಿಯ ತುದಿ ಹಿಡಿದಳು. ಬಿಸಿಲಲ್ಲಿ ಎಳೆ ಎಳೆಯೂ ಕಾಣುತ್ತಿತ್ತು. ನೂರ ನಲವತ್ತನೇ ಸುತ್ತಿಗೆ ಬಂದಾಗ ಬೆನ್ನ ಹಿಂದಿನ ಕಂಪ್ಯೂಟರಿನ ಫ್ಯಾನಿಗೆ ಕಿವಿಗೊಟ್ಟಳು. ಉಸಿರಷ್ಟೂ ಸದ್ದಿಲ್ಲ. ಇಂಥ ಫ್ಯಾನು ತಾನು ಒಂದೂ ಸುತ್ತಿಲ್ಲವಲ್ಲ ಅಂತ ಮತ್ತೆ ಹೊಟ್ಟೆ ಉರಿಯಿತು. ಎಣಿಕೆ ಮಾತ್ರ ತಪ್ಪಲಿಲ್ಲ.