ಶುಕ್ರವಾರ ಕೊಡದ ಪಾಸ್‌ವರ್ಡ್

ಸನಮಡಿಯ ಸಾವಿತ್ರೆವ್ವನಿಗೆ ದೇವರು ಎಲ್ಲವನ್ನೂ ಕೊಟ್ಟು, ನಂಬಿಕೆಯನ್ನು ಮಾತ್ರ ಕೈ ಬಿಗಿಹಿಡಿದು ಕೊಟ್ಟಿದ್ದಾನೆ. ಗಿರಣಿಗೆ ಜೋಳ ಒಯ್ದರೆ ಹಿಟ್ಟು ಬೀಳುವ ತನಕ ಅಲ್ಲೇ ನಿಂತಿರುತ್ತಾಳೆ. ಮೊದಲ ಎರಡು ಬೊಗಸೆಯಲ್ಲಿ ಹಿಂದಿನವರ ಗೋಧಿ ಬೆರೆತಿರುತ್ತದೆಂದು ಅದನ್ನು ಬೇರೆ ಕಟ್ಟಿಸಿ ಎಮ್ಮೆಗೆ ಹಾಕುತ್ತಾಳೆ. ಗಂಡ ಶಂಕರೆಪ್ಪ ‘ಊಟ ಆತು’ ಅಂದರೂ ರೊಟ್ಟಿ ಬುಟ್ಟಿ ತೆರೆದು ನೋಡಿಯೇ ನಂಬುವುದು. ಊರವರು ನಗುತ್ತಾರೆ. ನಾನು ನಗುವುದಿಲ್ಲ. ಸಂಶಯದಲ್ಲಿ ನಾನೇನು ಅವಳಿಗಿಂತ ಕಡಿಮೆಯವಳಲ್ಲ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿದ್ದೇನೆ, ಊರಿಗೆಲ್ಲ ಈಗಲೂ ನಾನು ‘ಬಾಯಾರು’. ಯಾರು ಯಾರ ಪಾಟಿ ನೋಡಿ ಬರೆದರು ಎಂದು ಹುಡುಕುವುದರಲ್ಲೇ ಅರ್ಧ ಆಯುಷ್ಯ ಹೋಯಿತು.

ಸಾವಿತ್ರೆವ್ವ ನಮ್ಮ ಪಕ್ಕದ ಮನೆಯವಳು. ಅವಳ ಪತ್ರಾಸಿನ ತಗಡು ಹೊದಿಸಿದ ಶೆಡ್ಡಿನಲ್ಲಿ ಒಂಬತ್ತು ಮಂದಿ ಹೆಂಗಸರು ಕಡಕ್ ರೊಟ್ಟಿ ಬಡಿಯುತ್ತಾರೆ, ಶೇಂಗಾ ಚಟ್ನಿ ಕುಟ್ಟುತ್ತಾರೆ. ಪುಣೆ, ಮುಂಬೈಯಲ್ಲಿರುವ ನಮ್ಮ ಕಡೆಯ ಮಂದಿ ‘ಸನಮಡಿ ರೊಟ್ಟಿ’ ಎಂಬ ವೆಬ್‌ಸೈಟಿನಲ್ಲಿ ಆರ್ಡರ್ ಕೊಡುತ್ತಾರೆ. ಆರು ವರ್ಷದ ಹಿಂದೆ ಅದನ್ನು ಮಾಡಿಕೊಟ್ಟವನು ನಮ್ಮ ತಾಲೂಕಿನ ಊರಾದ ಜತ್ತದ ಅಶಪಾಕ. ಲಗ್ನಪತ್ರಿಕೆ ಛಾಪಿಸುವ ಅಂಗಡಿ ಅವನದು, ಜೊತೆಗೆ ಇಂಥ ಕೆಲಸವನ್ನೂ ಮಾಡುತ್ತಾನೆ. ನನ್ನ ಕೈಯಲ್ಲಿ ಅಕ್ಷರ ಕಲಿತವನು. ಇವಳನ್ನು ಅವನ ಹತ್ತಿರ ಕರೆದುಕೊಂಡು ಹೋದವಳೂ ನಾನೇ.

ಈಗೀಗ ಆ ಸೈಟು ಮೊಬೈಲಿನಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ. ಅರ್ಧ ರೊಟ್ಟಿ ಕಂಡರೆ ಇನ್ನರ್ಧ ಪರದೆಯ ಆಚೆ. ಆರ್ಡರ್ ಇಳಿಯತೊಡಗಿದವು. ಅವಳ ಮೈದುನನ ಮಗ ಮಹಾಂತ, ಸೈಟು ಮಾಡಿಕೊಡುವ ಸಾಂಗಲಿಯ ಪೂನಮ ಎಂಬ ಹುಡುಗಿಯ ನಂಬರ್ ಕೊಟ್ಟ. ಸಾವಿತ್ರೆವ್ವ ಫೋನನ್ನು ನಮ್ಮ ಕಟ್ಟೆಯ ಮೇಲಿಟ್ಟು, ಇಬ್ಬರಿಗೂ ಕೇಳುವ ಹಾಗೆ ಮಾತಾಡಿಸಿದಳು.

“ಹದಿನೈದು ದಿವಸದಾಗ ಹೊಸಾ ಸೈಟ್ ಮಾಡಿ ಕೊಡ್ತೀನ್ರಿ ಕಾಕು,” ಅಂದಳು ಪೂನಮ. “ಆದ್ರ ಡೊಮೇನ್ ಯಾರ ಹೆಸರಿಲೆ ಐತಿ?”

“ಹಂಗಂದ್ರ ಏನವಾ?”

“ನಿಮ್ಮ ಅಂಗಡಿ ಬೋರ್ಡ್ ಇದ್ದಂಗ್ರಿ. ಆ ಹೆಸರು ಒತ್ತಿದ್ರನ ಗಿರಾಕಿ ನಿಮ್ಮ ಕಡೆ ಬರ್ತಾರ. ಸೈಟ್ ಮಾಡಿದಾವರು ಅದನ್ನ ತಮ್ಮ ಹೆಸರಿಗಿ ಮಾಡ್ಕೊಂಡಿದ್ರ, ನಾಳಿ ಅದು ಅವರದ. ಹಂಗ ಸಿಕ್ಕೊಂಡವರನ್ನ ಭಾಳ ಮಂದಿನ್ನ ನೋಡೀನಿ. ಲಗೂನ ಪಾಸ್‌ವರ್ಡ್ ಇಸ್ಗೋರಿ.”

ಫೋನ್ ಇಟ್ಟ ಮೇಲೆ ಸಾವಿತ್ರೆವ್ವ ನನ್ನ ಕಡೆ ತಿರುಗಿದಳು.

“ಬಾಯಾರ, ಪಾಕೀಟಿನ ಮ್ಯಾಲೂ ಅದ ಹೆಸರ ಐತಿ. ಅದು ಹೋದ್ರ ಒಂಬತ್ತು ಮಂದಿ ಕೈ ಕಟ್ಟಿ ಕುಂದ್ರತಾರ. ಆರು ವರ್ಷ ಅಂವನ ಕಿಸೆದಾಗ ಇತ್ತೇನ್ರಿ ನನ್ನ ಧಂದೆ?”

“ನಾಳೇನ ಹೋಗಿ ಕೇಳೂಣು,” ಎಂದೆ. ನನ್ನ ತಲೆಯಲ್ಲೂ ಹುಳ ಹೊಕ್ಕಿತ್ತು.

ಮರುದಿನ ಎಸ್.ಟಿ. ಬಸ್ಸು ಹಿಡಿದು ಜತ್ತಕ್ಕೆ ಹೋದೆವು. ಅಶಪಾಕ ಎದ್ದು ನಿಂತು, “ಬರ್ರಿ ಬಾಯಾರ, ಬರ್ರಿ ಅವ್ವಾರ, ಕುಂದ್ರಿ,” ಎಂದು ಚಹಾ ತರಿಸಿದ. ಸಾವಿತ್ರೆವ್ವ ಚಹಾ ಮುಟ್ಟದೆ ವಿಷಯ ಹೇಳಿದಳು. ಅವನ ಮುಖ ಸಣ್ಣದಾಯಿತು. ಕಂಪ್ಯೂಟರಿನ ಪರದೆಯನ್ನು ತುಸು ತನ್ನ ಕಡೆ ತಿರುಗಿಸಿಕೊಂಡ. ಬಿಸಿಲು ಬೀಳುತ್ತಿತ್ತೋ ಏನೋ. ಆ ಹೊತ್ತಿಗೆ ನನಗೆ ಬಿಸಿಲು ಕಾಣಲಿಲ್ಲ, ಪರದೆ ತಿರುಗಿದ್ದಷ್ಟೇ ಕಂಡಿತು.

“ಕೆಲಸ ಬ್ಯಾರೆಯವರಿಗಿ ಕೊಡ್ರಿ, ನಂದೇನ ತಕರಾರ ಇಲ್ಲ,” ಅಂದ. “ಪಾಸ್‌ವರ್ಡೂ ಕೊಡ್ತೀನಿ. ಆದ್ರ ಇವತ್ತ ಶುಕ್ರವಾರ ಐತ್ರಿ ಅವ್ವಾರ. ನಾಳಿಗಿ ಕೊಡ್ತೀನಿ.”

“ನಮಾಜಿಗಿ ಹೋಗಿ ಬಾರಪಾ, ನಾವು ಇಲ್ಲೇ ಕುಂತಿರ್ತೀವಿ.”

“ಹಂಗಲ್ರಿ. ದಿವಸ ಮುಗೀಲಿ.”

ಅಷ್ಟರಲ್ಲಿ ಲಗ್ನಪತ್ರಿಕೆಯವರು ಗುಂಪಾಗಿ ಒಳಗೆ ಬಂದರು. ಅವನು ಅವರ ಕಡೆ ತಿರುಗಿದ. ನಾವು ಎದ್ದು ಬಂದೆವು. ಚಹಾ ಹಾಗೇ ಉಳಿಯಿತು.

ಬಸ್ಸು ಹತ್ತಿದ್ದೇ ತಡ, ಸಾವಿತ್ರೆವ್ವ ಶುರು ಮಾಡಿದಳು. “ನಮಾಜ ಆಗಾಕ ಎಷ್ಟ ಹೊತ್ತ ಬೇಕ್ರಿ? ಒಂದ ತಾಸು. ಇಂವಗ ಇಡೀ ದಿವಸ ಯಾಕ ಬೇಕು?”

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಮುಚ್ಚಿಕೊಳ್ಳಲಿಲ್ಲ. “ನಾಳಿ ಅನ್ನೂದರಾಗ ತನ್ನ ಹೆಸರಿಗಿ ಮಾಡ್ಕೊಂಡು ಕುಂದ್ರತಾನ,” ಎಂದೆ. ಉರಿಯುವ ಬೆಂಕಿಗೆ ತುಪ್ಪ ಸುರಿದವಳು ನಾನೇ, ಸುಳ್ಳು ಯಾಕೆ ಹೇಳಲಿ?

ಜತ್ತ ತಾಲೂಕಿನ ವ್ಯಾಪಾರಿಗಳದೊಂದು ವಾಟ್ಸಾಪ್ ಗ್ರೂಪು ಇದೆ. ಸಾವಿತ್ರೆವ್ವ ಮೊಬೈಲನ್ನು ಬಾಯಿಯ ಹತ್ತಿರ ಹಿಡಿದಳು. “ಅಣ್ಣಗೋಳ್ರಿ, ನಾ ಸನಮಡಿ ಸಾವಿತ್ರೆವ್ವ. ಅಶಪಾಕ ನನ್ನ ಸೈಟಿನ ಹೆಸರು ಹಿಡದಿಟ್ಟಾನ. ಕೇಳಿದ್ರ ಕೊಡವಲ್ಲ. ನೀವೂ ಅಂವನ ಕಡೆ ಕೆಲಸ ಕೊಟ್ಟಿದ್ರ ಹುಷಾರ ಇರ್ರಿ.”

ನಾನು ತಡೆಯಲಿಲ್ಲ. “ಬಸ್ಸಿನ ಸಪ್ಪಳ ಭಾಳ ಐತಿ, ತುಸು ಜೋರಾಗಿ ಹೇಳು,” ಎಂದೆ. ಅವಳು ಮೊದಲಿನದನ್ನು ಅಳಿಸಿ, ಜೋರಾಗಿ ಇನ್ನೊಮ್ಮೆ ಹೇಳಿ ಕಳಿಸಿದಳು.

ಊರು ಮುಟ್ಟುವಷ್ಟರಲ್ಲಿ ಉತ್ತರಗಳು ಬಂದಿದ್ದವು. ಯಳವಿಯ ದಾಳಿಂಬೆ ವ್ಯಾಪಾರಿ ‘ಚಲೋ ಆತು ಹೇಳಿದ್ದು’ ಎಂದು ಬರೆದಿದ್ದ. ವಳಸಂಗದವರೊಬ್ಬರು ತಾವೂ ಅವನಿಗೆ ಪಾಸ್‌ವರ್ಡ್ ಕೇಳುವುದಾಗಿ ಹೇಳಿದ್ದರು. ಸಾವಿತ್ರೆವ್ವನಿಗೆ ಅದರಿಂದ ಧೈರ್ಯ ಬಂತು. ನನಗೂ ಬಂತೆನ್ನಿ.

ಶನಿವಾರ ಮುಂಜಾನೆ, ಶೆಡ್ಡಿನಲ್ಲಿ ರೊಟ್ಟಿ ಬಡಿಯುವ ಸದ್ದು ಶುರುವಾಗುವ ಹೊತ್ತಿಗೆ ಅಶಪಾಕ ತಾನೇ ಗಾಡಿ ಹೊಡೆದುಕೊಂಡು ಬಂದ. ಸಾವಿತ್ರೆವ್ವ ಬಾಗಿಲಲ್ಲಿ ನಿಂತಳು, ಬಾ ಅನ್ನಲಿಲ್ಲ. ಅವನು ಹೊಸ್ತಿಲಾಚೆಯಿಂದಲೇ ಒಂದು ಲಕೋಟೆಯನ್ನು ನನ್ನ ಕೈಗೆ ಕೊಟ್ಟ.

“ಬಾಯಾರ, ನೀವ ಓದ್ರಿ.”

ಒಳಗಿದ್ದುದು ಡೊಮೇನ್ ನೋಂದಣಿಯ ಕಾಗದ. ಹೆಸರು ಓದುವಷ್ಟು ಇಂಗ್ಲಿಷು ನನಗೆ ಬರುತ್ತದೆ. ಮಾಲಕರು ಎಂಬಲ್ಲಿ ಸಾವಿತ್ರೆವ್ವನ ಹೆಸರು, ಅವಳ ಗಂಡನ ಹೆಸರು, ಅವಳದೇ ಮೊಬೈಲ್ ನಂಬರು. ತಾರೀಖು ಆರು ವರ್ಷದ ಹಿಂದಿನದು. ಎರಡು ಸಲ ಓದಿದೆ. ಎರಡನೆಯ ಸಲ ಓದಿದ್ದು ಮೋಸ ಎಲ್ಲಿದೆ ಎಂದು ಹುಡುಕಲು. ಕೆಳಗೆ ಪಾಸ್‌ವರ್ಡನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದ.

“ಮದಲಿಂದನೂ ನಿನ್ನ ಹೆಸರಿಲೇನ ಐತಿ ಸಾವಿತ್ರಿ,” ಎಂದೆ.

“ಹಂಗಿದ್ರ ನಿನ್ನಿ ಯಾಕ ಕೊಡಲಿಲ್ಲ?” ಅವಳ ದನಿ ಇನ್ನೂ ಇಳಿದಿರಲಿಲ್ಲ.

“ಆರು ವರ್ಷದ ಹಿಂದ ಇದಕ್ಕಂತ ನಿಮ್ಮ ಆಧಾರ ಕಾರ್ಡಿನ ಝೆರಾಕ್ಸ್ ಕೇಳಾಕ ಬಂದಿದ್ನೆಲ್ರಿ, ಅವತ್ತ ಶುಕ್ರವಾರ ಇತ್ತು,” ಅಂದ ಅಶಪಾಕ. “ಶುಕ್ರವಾರ ಮನಿಯಾಂದು ಏನೂ ಹೊಸ್ತಿಲ ದಾಟಂಗಿಲ್ಲ, ಲಕ್ಷ್ಮಿ ಹೊಂಟ ಹೋಗ್ತಾಳ, ನಾಳಿ ಬಾ ಅಂತ ನನ್ನ ವಾಪಸ್ ಕಳಿಸಿದ್ರಿ. ಆರು ವರ್ಷ ನಿಮ್ಮ ಧಂದೆ ನನ್ನ ಅಂಗಡ್ಯಾಗ ಕುಂತಿತ್ತು. ಅದನ್ನ ಶುಕ್ರವಾರ ಎಬ್ಬಿಸಿ ಕಳಿಸಿದ್ರ, ಮುಂದ ಆರ್ಡರ್ ಕಮ್ಮಿ ಆದಾಗ ಅಶಪಾಕ ಶುಕ್ರವಾರ ಕೊಟ್ಟ ಅಂತಿದ್ರಿ. ಶುಕ್ರವಾರ ಅಂದ್ರ ನಿಮಗ ಬಿಡಿಸಿ ಹೇಳೂದ ಬ್ಯಾಡ ಅನ್ಕೊಂಡೆ. ನೀವು ನಮಾಜ ಅಂದ್ಕೊಂಡ್ರಿ.”

ಅಯ್ಯೋ ಶಿವನೇ! ಆ ಹೊತ್ತಿಗೆ ನನಗೆ ನಾಚಿಕೆಯಾದಷ್ಟು ಎಂದೂ ಆಗಿಲ್ಲ. ಶುಕ್ರವಾರ ಸಂಜೆ ನಾನು ಬೇಡಿದರೂ ಹೆಪ್ಪಿಗೆ ಒಂದು ಚಮಚ ಮೊಸರು ಕೊಡದ ಹೆಂಗಸು ಈಕೆ. ಆ ಪದ್ಧತಿ ಅವನಿಗೆ ನೆನಪಿತ್ತು, ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಸಾವಿತ್ರೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ತಪ್ಪಾತಪಾ. ಗ್ರೂಪಿನ್ಯಾಗ…”

“ಕೇಳೀನ್ರಿ. ಇಬ್ಬರು ಕೆಲಸ ವಾಪಸ್ ತಗೊಂಡ್ರು.”

ಅವಳು ಅಲ್ಲೇ, ಅವನ ಎದುರಿಗೇ ಮೊಬೈಲ್ ತೆಗೆದು, ನಾ ಹೇಳಿದ್ದು ಸುಳ್ಳು, ಅಶಪಾಕಂದು ಏನೂ ತಪ್ಪಿಲ್ಲ ಎಂದು ಹೇಳಿ ಕಳಿಸಿದಳು. ಬಾಯಾರೂ ಇದ್ದರು ಅಂತ ನನ್ನ ಹೆಸರನ್ನೂ ಸೇರಿಸಿದಳು. ಸೇರಿಸಲಿ, ನ್ಯಾಯವೇ. ಆದರೆ ಮಾತು ಆಡಿದರೆ ಹೋಯಿತು. ಯಾರೂ ಮರುಮಾತು ಬರೆಯಲಿಲ್ಲ.

“ಒಳಗ ಬಾರಪಾ,” ಎಂದಳು ಆಮೇಲೆ. “ಹೊಸಾ ಸೈಟೂ ನೀನ ಮಾಡು. ಸಾಂಗಲಿಯಾಕಿಗಿ ಬ್ಯಾಡಂತೀನಿ.”

“ಬ್ಯಾಡ್ರಿ ಅವ್ವಾರ. ಆ ಹುಡಿಗಿ ಖರೇನ ಚಲೋ ಮಾಡ್ತಾಳ, ಆಕಿ ಕೆಲಸ ನೋಡೀನಿ. ನಾ ಮಾಡಿದ್ರ, ನಾಳಿ ಒಂದ ಫೋಟೋ ಕಾಣಲಿಲ್ಲಂದ್ರೂ ನೀವು ಮದಲ ನನ್ನ ಮ್ಯಾಲೇ ಸಂಶೆ ಪಡ್ತೀರಿ.” ಅವನು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. “ಪಡಂಗಿಲ್ಲ ಅಂತ ಒಂದ ಮಾತ ಹೇಳ್ರಿ. ಇವತ್ತ ಕುಂತು ಚಾಲೂ ಮಾಡ್ತೀನಿ.”

ಸಾವಿತ್ರೆವ್ವ ಎಂಥವಳೇ ಇರಲಿ, ಮುಖ ನೋಡಿ ಸುಳ್ಳು ಹೇಳುವವಳಲ್ಲ. ಬಾಯಿ ತೆರೆದಳು. ನನ್ನ ಕಡೆ ನೋಡಿದಳು. ನಾನು ಕೈಯಲ್ಲಿದ್ದ ಕಾಗದ ನೋಡಿದೆ.

ಅಶಪಾಕ ಸ್ವಲ್ಪ ಹೊತ್ತು ಕಾದ. ಆಮೇಲೆ ಗಾಡಿಗೆ ಕಿಕ್ ಹೊಡೆದ.