ಹಮ್ರಿಯಾದ ಪತ್ತೇದಾರನೂ ಅಮ್ಮನ ಕ್ಯಾಸೆಟ್ಟೂ

ಶಕುನ, ಕನಸು ಎಂದು ಯಾರಾದರೂ ಬಾಯಿ ತೆರೆದರೆ ನಗುತ್ತಿದ್ದವನು ನಾನು. ಮಸ್ಕತ್ತಿಗೆ ಬಂದ ಮೇಲೆ ಆ ಸೊಕ್ಕು ಇನ್ನೂ ಏರಿತು. ನಮ್ಮ ಬ್ರಿಟಿಷ್ ಮ್ಯಾನೇಜರು ಓದಿ ಮುಗಿಸಿದ ಹಳೆಯ ಪತ್ತೇದಾರಿ ಕಾದಂಬರಿಗಳನ್ನು ನನಗೆ ಕೊಡುತ್ತಿದ್ದರು. ಅವುಗಳಲ್ಲೊಬ್ಬ ಲಾರ್ಡ್. ಹೊಟ್ಟೆಪಾಡಿನ ಚಿಂತೆಯಿಲ್ಲ, ಬರೀ ಹವ್ಯಾಸಕ್ಕೆ ಕೊಲೆಗಾರರನ್ನು ಹಿಡಿಯುತ್ತಾನೆ. ಕೊನೆಗೆ ಎಲ್ಲರನ್ನೂ ಕೂಡಿಸಿ, ಟೀ ಹೀರುತ್ತಾ ಬೆರಳು ತೋರಿಸುತ್ತಾನೆ. ನನಗೂ ಒಮ್ಮೆ ಹಾಗೆ ಬೆರಳು ತೋರಿಸುವ ಆಸೆ.

ಅದು ಎಂಬತ್ತರ ದಶಕದ ಕೊನೆ. ಮಸ್ಕತ್ತಿನ ಹಮ್ರಿಯಾ ಬಡಾವಣೆಯ ಒಂದೇ ಕೋಣೆಯಲ್ಲಿ ನಾವು ಮೂವರು: ನಾನು, ಉಡುಪಿ ಕಡೆಯ ಲಾರೆನ್ಸ್, ಬಟ್ಟೆ ಅಂಗಡಿಯ ಹಸನಬ್ಬ. ತಂಗಿಯ ಮದುವೆಗೆಂದು ಲಾರೆನ್ಸ್ ತಂದು ಸೂಟ್‌ಕೇಸಿನಲ್ಲಿಟ್ಟಿದ್ದ ಚಿನ್ನದ ಸರ ಗುರುವಾರ ಕಾಣೆಯಾಯಿತು. ಹಸನಬ್ಬನ ಟವೆಲು ಸಂಜೆಗೂ ಒದ್ದೆಯಿತ್ತು. ಆ ಬಿಸಿಲಲ್ಲಿ ಬೆಳಗಿನ ಒದ್ದೆ ಉಳಿಯುವುದುಂಟೇ? ಮಧ್ಯಾಹ್ನ ಕೋಣೆಗೆ ಬಂದವನು ಅವನೊಬ್ಬನೇ ಎಂದು ಹಿಡಿದುಬಿಟ್ಟೆ. ಶುಕ್ರವಾರ ಊಟವಾದ ಮೇಲೆ ಇಬ್ಬರನ್ನೂ ಕೂಡಿಸಿ ಬೆರಳು ತೋರಿಸಿದೆ.

"ಸ್ನಾನಕ್ಕೆ ಬಂದದ್ದು ಹೌದು ಮಾರಾಯ್ರೆ. ಸರ ನಾನು ಮುಟ್ಲಿಲ್ಲ," ಎಂದ ಹಸನಬ್ಬ.

"ನಾಳೆ ನಿನ್ನ ಕಫೀಲ್‌ಗೆ ಹೇಳ್ತೇನೆ," ಎಂದೆ ಕಡ್ಡಿ ಮುರಿದಂತೆ. ಕಫೀಲ್ ಎಂದರೆ ಅವನಿಗೆ ವೀಸಾ ಕೊಟ್ಟ ಅರಬ ಧಣಿ. ಹೇಳಿದರೆ ಅವನ ವೀಸಾ ಖಲಾಸ್, ಕಳ್ಳನೆಂಬ ಹೆಸರು ಹೊತ್ತು ಊರಿಗೆ ಹೋಗಬೇಕು.

ಅಷ್ಟರಲ್ಲಿ ಊರಿಂದ ಬಂದವರೊಬ್ಬರು ಅಮ್ಮನ ಕ್ಯಾಸೆಟ್ಟು ಕೊಟ್ಟು ಹೋದರು. ಓದುಬರಹ ಬಾರದ ಅಮ್ಮ ಕಾಗದದ ಬದಲು ಮಾತನ್ನೇ ತುಂಬಿ ಕಳಿಸುತ್ತಿದ್ದಳು. ಕೋಣೆಯ ಬಿಗುವು ತಡೆಯಲಾರದೆ ಟೇಪ್‌ರೆಕಾರ್ಡರಿಗೆ ಹಾಕಿದೆ. ಹಟ್ಟಿಯ ಹಸು, ನೆರೆಮನೆಯ ಜಗಳ, ಹಲಸಿನ ಹಪ್ಪಳ ಎಂದು ತುಳುವಿನಲ್ಲಿ ಹೇಳುತ್ತಿದ್ದವಳು ತಟ್ಟನೆ ನಿಲ್ಲಿಸಿದಳು. "ಮಗಾ, ಆ ಪಾಪದವನ ಮೇಲೆ ಹೊರಿಸ್ಬೇಡ. ಪೆಟ್ಟಿಗೆಯ ಒಳಗಿನ ಅಸ್ತರು ಹರಿದಿದೆ, ಅಲ್ಲಿ ನೋಡು." ಮತ್ತೆ ಹಪ್ಪಳದ ಮಾತು.

ಮೂವರಿಗೂ ತುಳು ಬರುತ್ತಿತ್ತು, ಮೂವರೂ ಕೇಳಿದೆವು. ಲಾರೆನ್ಸ್ ತನ್ನ ಸೂಟ್‌ಕೇಸಿನ ಅಸ್ತರು ಹರಿದಲ್ಲಿ ಕೈ ತೂರಿಸಿದ. ಸರ ಅಲ್ಲೇ ಜಾರಿ ಬಿದ್ದಿತ್ತು.

ಕ್ಯಾಸೆಟ್ಟು ಊರು ಬಿಟ್ಟದ್ದು ಸರ ಕಳೆಯುವುದಕ್ಕೆ ಎಷ್ಟೋ ದಿನ ಮೊದಲು. ರಜೆಯಲ್ಲಿ ಹೋದಾಗ ಅಮ್ಮನಿಗೇ ಅದನ್ನು ಕೇಳಿಸಿದೆ. "ಸ್ವರ ನನ್ನದೇ. ನಾನು ಹೇಳಿದ್ದಲ್ಲ ಮಗಾ," ಎಂದು ಹೆದರಿ ಎದ್ದುಹೋದಳು. ಇದನ್ನು ಬರೆಯುವಾಗಲೂ ಎರಡು ಸಲ ಎದ್ದು ಓಡಾಡಿದ್ದೇನೆ. ಅದು ಏನೆಂದು ಇವತ್ತಿಗೂ ಗೊತ್ತಿಲ್ಲ.

ಸರ ಸಿಕ್ಕ ದಿನವೇ ಹಸನಬ್ಬ ಹಾಸಿಗೆ ಸುತ್ತಿ ಕೋಣೆ ಬಿಟ್ಟು ಹೊರಟ. ನಾನು ಕ್ಷಮೆ ಕೇಳಿದೆ, ನಾಚಿಕೆಯಿಂದ ಕುಗ್ಗಿಹೋಗಿದ್ದೆ. ಅವನು ಬಾಗಿಲಲ್ಲಿ ನಿಂತು, ಕೋಪವಿಲ್ಲದೆ ಕೇಳಿದ:

"ನಿಮ್ಮ ಅಮ್ಮ ನನ್ನನ್ನು ಕಂಡೇ ಇಲ್ಲ. ನೀವು ಎರಡು ವರ್ಷ ಒಟ್ಟಿಗೆ ಉಂಡವ್ರು ಮಾರಾಯ್ರೆ. ನಿಮಗೆ ಯಾಕೆ ಗೊತ್ತಾಗ್ಲಿಲ್ಲ?"