ವಿಮಾನದ ಮಡ್‌ಗಾರ್ಡ್

"ಹೊಲದಾಗಿನ ಹುಡುಗಿ ವಿಮಾನ ರಿಪೇರಿ ಮಾಡ್ತಾಳಂತ! ಆಗಂಗಿಲ್ಲ ಬಿಡವ್ವಾ" ಎಂದಿದ್ದವರು ನನ್ನ ಸೋದರಮಾವ. ಅದೇ ಮಾವ ಒಂದು ಮಧ್ಯಾಹ್ನ ಔರಾದ್ ಕಡೆಯ ನಮ್ಮೂರು ಚಿಂತಾಕಿಯಿಂದ ನನಗೆ ಬುತ್ತಿ ತಂದವರು, ಭಾಲ್ಕಿ ಸಮೀಪದ ಶೆಡ್ಡಿನಲ್ಲಿ ವಿಮಾನದ ಗಾಲಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತುಬಿಟ್ಟರು.

ನಿವೃತ್ತ ಮೆಕ್ಯಾನಿಕ್ ಒಬ್ಬರು ತಾವೇ ಕಟ್ಟಿದ ಎರಡು ಸೀಟಿನ ವಿಮಾನ ಅದು. ಗಾಳಿಯ ತಡೆ ತಗ್ಗಿಸಲು ಗಾಲಿಗೆ ತೊಡಿಸುವ ಫೈಬರ್ ಕವಚವನ್ನು ಸರಿಮಾಡಿಕೊಟ್ಟರೆ ಮಾತ್ರ ಅವರು ನನಗೆ ಕಾಲೇಜಿಗೆ ಬೇಕಾದ ತರಬೇತಿಯ ಪ್ರಮಾಣಪತ್ರ ಕೊಡುವವರಿದ್ದರು. ಅದಿಲ್ಲದೆ ಡಿಗ್ರಿ ಇಲ್ಲ; ಅದು ನಮ್ಮ ಮನೆತನದ ಮೊದಲ ಡಿಗ್ರಿ. ಬಿರುಕಿಗೆ ಎರಡು ಸಲ ಫೈಬರ್ ಬಟ್ಟೆ ಅಂಟಿಸಿ, ಉಜ್ಜಿ, ಬಣ್ಣ ಹಚ್ಚಿದ್ದೆ. ಮಣ್ಣಿನ ರನ್‌ವೇ ಮೇಲೆ ಓಡಿಸಿದ ಕೂಡಲೇ ಅಲ್ಲೇ ಮತ್ತೆ ಬಿರುಕು ಬಿಡುತ್ತಿತ್ತು.

"ಮ್ಯಾಲ ಮ್ಯಾಲ ಯಾಕ ತಿಕ್ತಿ? ಒಳಗ ಕೈ ಹಾಕಿ ನೋಡು. ಮಳಿಗಾಲದಾಗ ನನ್ನ ಬೈಕಿನ ಮಡ್‌ಗಾರ್ಡ್ ಹ್ಯಾಂಗ ಒಡದಿತ್ತು, ಮರತಿ ಏನು?" ಎಂದರು ಮಾವ.

ಕೈ ಹಾಕಿದೆ. ಟೈರಿಗೂ ಕವಚಕ್ಕೂ ನಡುವೆ ಕರಿಮಣ್ಣು ಒಣಗಿ ಕಲ್ಲಾಗಿ ಕುಳಿತಿತ್ತು; ಗಾಲಿ ತಿರುಗಿದಾಗ ಅದೇ ಕವಚವನ್ನು ಒಳಗಿನಿಂದ ಒತ್ತಿ ಬಿರಿಸುತ್ತಿತ್ತು. ಅದನ್ನು ಕೆರೆದು ತೆಗೆದು, ಸಂದು ತುಸು ಅಗಲಿಸಿ, ಬಿರುಕಿಗೆ ಮತ್ತೊಮ್ಮೆ ಬಟ್ಟೆ ಅಂಟಿಸಿ, ಪ್ರತಿ ಓಟದ ನಂತರ ಒಳಗೆ ಕೈಹಾಕಿ ಸ್ವಚ್ಛ ಮಾಡಿದೆ. ಕವಚ ಮತ್ತೆ ಬಿರಿಯಲಿಲ್ಲ.

ಕೈಗೆ ಬಂದ ಪ್ರಮಾಣಪತ್ರವನ್ನು ಮೊದಲು ಮಾವನಿಗೇ ಕೊಟ್ಟೆ. ಓದು ಬಾರದ ಅವರು ನನ್ನ ಹೆಸರು ಎಲ್ಲಿದೆಯೆಂದು ಕೇಳಿ, ಅದರ ಮೇಲೆ ಬೆರಳಿಟ್ಟುಕೊಂಡೇ ಅಂದರು: "ಆಗಂಗಿಲ್ಲ ಅಂದಾಂವ ನಾನೇ ಅಂತ ಯಾರಿಗೂ ಹೇಳಬ್ಯಾಡವ್ವಾ."